ಹಳೆ ಕಾರ್ವೆಟ್‌ ಕೊಳ್ಳುವ ಮುನ್ನ: ಒಳಗಿರುವ ಎಂಜಿನ್ ಅದರದ್ದೇ?

ನಮ್ಮಲ್ಲಿ ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳುವವರು ಮೊದಲು ಕೇಳುವುದು ಆರ್‌ಸಿ. ಅದರಲ್ಲಿ ಚಾಸಿಸ್ ನಂಬರೂ ಇರುತ್ತದೆ, ಎಂಜಿನ್ ನಂಬರೂ ಇರುತ್ತದೆ. ಬೋನೆಟ್ ಎತ್ತಿ, ಟಾರ್ಚ್ ಹಾಕಿ ಎರಡನ್ನೂ ತಾಳೆ ನೋಡಿದರೆ ಅರ್ಧ ಅನುಮಾನ ಕಳೆಯುತ್ತದೆ. ಇದೇ ಅಭ್ಯಾಸ ಇಟ್ಟುಕೊಂಡು ಅಮೆರಿಕದಲ್ಲಿರುವ ಕನ್ನಡಿಗರೊಬ್ಬರು 1960ರ ದಶಕದ ಶೆವರ್ಲೆ ಕಾರ್ವೆಟ್ ನೋಡಲು ಹೋದರೆ ಮೊದಲ ಹೆಜ್ಜೆಯಲ್ಲೇ ತಡವರಿಸುತ್ತಾರೆ. ಅಲ್ಲಿ ‘ಟೈಟಲ್’ ಎಂದು ಕರೆಯುವ ಮಾಲೀಕತ್ವದ ಪತ್ರದಲ್ಲಿ ವಾಹನದ ಗುರುತಿನ ಸಂಖ್ಯೆ, ಅಂದರೆ ವಿಐಎನ್, ಇರುತ್ತದೆ. ಎಂಜಿನ್ ನಂಬರಿನ ಸುದ್ದಿಯೇ ಇರುವುದಿಲ್ಲ. ಈ ಕಾರು ಕಾರ್ಖಾನೆಯಿಂದ ಈ ಎಂಜಿನ್ ಜೊತೆಗೇ ಹೊರಬಂದಿತು ಎಂದು ಹೇಳಬೇಕಾದದ್ದು ಎಂಜಿನ್ನಿನ ಕಬ್ಬಿಣವೇ.

ಕಬ್ಬಿಣ ಹೇಳುತ್ತದೆ, ಆದರೆ ಓದಲು ಬರಬೇಕು. ಅಲ್ಲಿರುವ ಗುರುತುಗಳ ಪೈಕಿ ಅತಿ ಸುಲಭವಾಗಿ ನಕಲು ಮಾಡಬಹುದಾದದ್ದು ನಂಬರು, ಅತಿ ಕಷ್ಟದ್ದು ನಂಬರು ಕೂತಿರುವ ಮೇಲ್ಮೈ. ಕೊಳ್ಳುವವರಲ್ಲಿ ಹೆಚ್ಚಿನವರು ಮೊದಲನೆಯದನ್ನು ನೋಡಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಎಂಜಿನ್‌ಗೆ ಇಷ್ಟೊಂದು ಬೆಲೆ ಏಕೆ

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಎರಡನೇ ತಲೆಮಾರಿನ ಕಾರ್ವೆಟ್, 1963ರಿಂದ 1967ರವರೆಗಿನ ‘ಸ್ಟಿಂಗ್ ರೇ’. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ಐದು ಮಾಡೆಲ್ ವರ್ಷಗಳಲ್ಲಿ ಒಟ್ಟು 1,17,964 ಕಾರುಗಳು ತಯಾರಾದವು. ಎಲ್ಲಕ್ಕೂ ಫೈಬರ್‌ಗ್ಲಾಸ್ ಮೈ, ಹೆಚ್ಚುಕಡಿಮೆ ಒಂದೇ ರೂಪ. ಬೇರೆಯಾಗಿದ್ದದ್ದು ಬೋನೆಟ್ಟಿನ ಕೆಳಗೆ. 1963ರಲ್ಲಿ 327 ಘನ ಇಂಚಿನ, ಅಂದರೆ ಸುಮಾರು 5.4 ಲೀಟರಿನ ವಿ8 ಎಂಜಿನ್ 250, 300, 340 ಮತ್ತು 360 ಅಶ್ವಶಕ್ತಿಯ ನಾಲ್ಕು ಬಗೆಗಳಲ್ಲಿ ಸಿಗುತ್ತಿತ್ತು. 1967ರ ಹೊತ್ತಿಗೆ 427 ಘನ ಇಂಚಿನ ‘ಬಿಗ್ ಬ್ಲಾಕ್’ ಎಂಜಿನ್ 435 ಅಶ್ವಶಕ್ತಿಯವರೆಗೆ ಹೋಗಿತ್ತು. ಅದೇ ವರ್ಷ ರೇಸಿಗೆಂದೇ ಸಜ್ಜಾದ ‘ಎಲ್88’ ಎಂಜಿನ್ನಿನ ಕಾರುಗಳು ಬರೀ 20 ಹೊರಬಂದವು. ಅಂಥದ್ದೊಂದು ಕಾರು 2014ರಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್ ಹರಾಜಿನಲ್ಲಿ 38.5 ಲಕ್ಷ ಡಾಲರಿಗೆ ಹೋಯಿತು.

ಹೊರಗಿನಿಂದ ಅವಳಿಗಳಂತೆ ಕಾಣುವ ಎರಡು ಕಾರುಗಳ ನಡುವೆ ಬೆಲೆಯ ಅಂತರವನ್ನೆಲ್ಲ ಎಂಜಿನ್ ಒಂದೇ ಹುಟ್ಟಿಸುತ್ತದೆ ಎಂದಮೇಲೆ ಕೈಚಳಕಕ್ಕೆ ಜಾಗ ಆಯಿತು. ಹಾಗೆಂದು ಬದಲಾದ ಎಂಜಿನ್ನೆಲ್ಲ ಮೋಸವಲ್ಲ. ಇವು ಓಡಿಸಲೆಂದೇ ಕೊಂಡ ಕಾರುಗಳು. ಜೋರಾಗಿ ಓಡಿಸಿದರು, ಎಂಜಿನ್ ಕೈಕೊಟ್ಟಿತು, ಸಿಕ್ಕ ಇನ್ನೊಂದನ್ನು ಕೂರಿಸಿದರು. ಆ ಕಾಲಕ್ಕೆ ಅದು ಬರೀ ಹಳೆ ಕಾರು, ನಂಬರನ್ನು ಯಾರೂ ಕೇಳುತ್ತಿರಲಿಲ್ಲ. ಬೆಲೆ ಏರಿದ ಮೇಲೆ, ಹಾಗೆ ಕೂರಿಸಿದ ಎಂಜಿನ್‌ಗೆ ಹಿಂದಿನ ತಾರೀಖು ಹಾಕುವ ಕೆಲಸ ಶುರುವಾಯಿತು.

ಮಾರುವವರ ಮಾತನ್ನು ಹೀಗೆ ಅರ್ಥ ಮಾಡಿಕೊಳ್ಳಿ

ಜಾಹೀರಾತಿನಲ್ಲಿ ಬರುವ ನಾಲ್ಕು ಮಾತುಗಳನ್ನು ಬಿಡಿಸಿಟ್ಟುಕೊಳ್ಳಬೇಕು. ‘ಒರಿಜಿನಲ್ ಎಂಜಿನ್’ ಎಂದರೆ ಕಾರ್ಖಾನೆಯಲ್ಲಿ ಈ ಕಾರಿಗೇ ಕೂರಿಸಿದ್ದು. ‘ನಂಬರ್ಸ್ ಮ್ಯಾಚಿಂಗ್’ ಎಂದರೆ ಇವತ್ತು ಎರಡು ಕಡೆಯ ನಂಬರು ಹೊಂದುತ್ತದೆ ಅಂತಷ್ಟೇ, ಹೊಂದಿಸಿದವರು ಯಾರು ಎನ್ನುವುದು ಅದರಲ್ಲಿಲ್ಲ. ‘ಡೇಟ್ ಕರೆಕ್ಟ್’ ಎಂದರೆ ಎಂಜಿನ್ ಈ ಕಾರಿನದ್ದಲ್ಲ, ಆದರೆ ಅದೇ ಕಾಲದ್ದು. ‘ಎನ್‌ಒಎಂ’ ಎಂದರೆ ಮೂಲದ್ದಲ್ಲದ ಎಂಜಿನ್ ಎಂದು ನೇರವಾಗಿ ಒಪ್ಪಿಕೊಂಡಂತೆ. ಕೊನೆಯ ಮಾತು ಹೇಳುವ ವ್ಯಾಪಾರಿಯ ಹತ್ತಿರ ಹೆಚ್ಚು ಕಷ್ಟವಿಲ್ಲ. ಎರಡನೆಯದನ್ನು ಹೇಳಿ ಮೊದಲನೆಯದರ ಬೆಲೆ ಕೇಳುವವರ ಹತ್ತಿರ ಮುಂದಿನ ಪರೀಕ್ಷೆಗಳು ಬೇಕಾಗುತ್ತವೆ.

ಮೊದಲು ಕಾರಿನ ಗುರುತು

ಎಂಜಿನ್‌ಗೆ ಹೋಗುವ ಮುನ್ನ ಕಾರಿನ ವಿಐಎನ್ ಬರೆದುಕೊಳ್ಳಿ. 1968ರಿಂದ ಈಚೆಗಿನ ಕಾರ್ವೆಟ್‌ಗಳಲ್ಲಿ ಅದು ಮುಂದಿನ ಗಾಜಿನ ಪಕ್ಕದ ಕಂಬದ ಮೇಲಿದ್ದು ಹೊರಗಿನಿಂದಲೇ ಕಾಣುತ್ತದೆ. 1963ರಿಂದ 67ರವರೆಗಿನ ಕಾರುಗಳಲ್ಲಿ ಬಾಗಿಲು ತೆರೆದು, ಬಗ್ಗಿ, ಗ್ಲೋವ್ ಬಾಕ್ಸ್ ಕೆಳಗಿನ ಅಡ್ಡಪಟ್ಟಿಯಲ್ಲಿ ನೋಡಬೇಕು.

1963ರ ಒಂದು ಕಾರಿನ ಸಂಖ್ಯೆ 30837 ಎಸ್ 111432 ಎಂದಿಟ್ಟುಕೊಳ್ಳಿ. ಮೊದಲ 3 ಮಾಡೆಲ್ ವರ್ಷ. 0837 ಎಂದರೆ ಕೂಪೆ, ಮುಚ್ಚಿದ ಮಾಡಿನ ಕಾರು. ಮಾಡು ತೆರೆಯುವ ಕನ್ವರ್ಟಿಬಲ್ ಆಗಿದ್ದರೆ 0867. ‘ಎಸ್’ ಎಂದರೆ ಸೇಂಟ್ ಲೂಯಿಸ್. ಕೊನೆಯ ಆರು ಅಂಕಿ ಸರಣಿ ಸಂಖ್ಯೆ, ಪ್ರತಿ ವರ್ಷವೂ 100001ರಿಂದ ಶುರು. ಆ ವರ್ಷ ತಯಾರಾದದ್ದು 21,513 ಕಾರುಗಳಾದ್ದರಿಂದ ಸರಣಿ 121513ಕ್ಕೆ ನಿಲ್ಲಬೇಕು. ಅದನ್ನೂ ಮೀರಿದ ಸಂಖ್ಯೆ ಕಂಡರೆ ಅಲ್ಲಿಂದಲೇ ವಾಪಸ್ ಬರಬಹುದು.

ವಿಐಎನ್ ಫಲಕದ ಅಂಚು, ಸುತ್ತಲಿನ ಬಣ್ಣ, ಜೋಡಣೆ ಎಲ್ಲವನ್ನೂ ಗಮನಿಸಿ. ಫಲಕ ಕಿತ್ತು ಮತ್ತೆ ಕೂರಿಸಿದ ಗುರುತಿದ್ದರೆ ಎಂಜಿನ್ ವಿಚಾರ ಹಾಗಿರಲಿ, ಕಾರೇ ಬೇರೆಯದಿರಬಹುದು. ವಾಹನದ ಗುರುತಿನ ಸಂಖ್ಯೆಯನ್ನು ಗೊತ್ತಿದ್ದೂ ತೆಗೆಯುವುದು, ತಿದ್ದುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಐದು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ಚಾಸಿಸ್ಸಿನ ಎಡ ಹಳಿಯ ಮೇಲೂ ಇದೇ ಸಂಖ್ಯೆ ಒತ್ತಿರುತ್ತದೆ. ಮೈ ಕಳಚದೆ ಅದು ನೇರವಾಗಿ ಕಾಣುವುದಿಲ್ಲ, ತಂತಿ ಕ್ಯಾಮೆರಾ ತೂರಿಸಿ ನೋಡಬಲ್ಲ ಮೆಕ್ಯಾನಿಕ್ ಜೊತೆಗಿದ್ದರೆ ಒಳ್ಳೆಯದು.

ಬ್ಲಾಕಿನ ಮೇಲೆ ಮೂರು ಕಡೆ ಓದು

ಇನ್ನು ಬೋನೆಟ್ ಎತ್ತಿ. 327 ಎಂಜಿನ್ನಿನಲ್ಲಿ ಮೂರು ಜಾಗ ನೋಡಬೇಕು.

ಮೊದಲನೆಯದು ಎರಕದ ಸಂಖ್ಯೆ. ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಸೇರುವ ಅಂಚಿನ ಮೇಲೆ, ಚಾಲಕನ ಬದಿಯಲ್ಲಿ ಉಬ್ಬಕ್ಷರದಲ್ಲಿರುತ್ತದೆ. 1963ರ ಕಾರಿಗೆ 3782870 ಇರಬೇಕು. ಇದು ಅಚ್ಚಿನಲ್ಲೇ ಬಂದ ಸಂಖ್ಯೆ, ಆ ಬಗೆಯ ಬ್ಲಾಕುಗಳಿಗೆಲ್ಲ ಒಂದೇ. 327 ಎಂಜಿನ್ ಆಗಿನ ಇಂಪಾಲಾದಂಥ ಶೆವರ್ಲೆ ಸಂಸಾರದ ಕಾರುಗಳಲ್ಲೂ ಇತ್ತು. ಆದ್ದರಿಂದ ಈ ಸಂಖ್ಯೆ ತಪ್ಪಿದ್ದರೆ ಎಂಜಿನ್ ಖಂಡಿತ ಬೇರೆಯದು. ಸರಿಯಿದ್ದರೆ ಇನ್ನೂ ಏನೂ ಸಾಬೀತಾಗಿಲ್ಲ.

ಎರಡನೆಯದು ಎರಕದ ತಾರೀಖು. ಅದೇ ಹಿಂಬದಿಯ ಅಂಚಿನಲ್ಲಿ, ಪ್ರಯಾಣಿಕನ ಬದಿಗೆ ಇರುತ್ತದೆ. ‘ಬಿ 25 3’ ಎಂದಿದ್ದರೆ 1963ರ ಫೆಬ್ರುವರಿ 25. ‘ಎ’ ಜನವರಿಯಿಂದ ‘ಎಲ್’ ಡಿಸೆಂಬರ್‌ವರೆಗೆ ತಿಂಗಳಿಗೊಂದು ಅಕ್ಷರ, ಕೊನೆಯ ಅಂಕಿ ವರ್ಷ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಒತ್ತಿದ ನಂಬರು. ಎಂಜಿನ್ನಿನ ಮುಂಭಾಗದಲ್ಲಿ, ಪ್ರಯಾಣಿಕನ ಬದಿಯ ಸಿಲಿಂಡರ್ ಹೆಡ್‌ನ ಮುಂದೆ ಚಾಚಿಕೊಂಡಿರುವ ಸಣ್ಣ ಸಮತಟ್ಟಾದ ಜಾಗವೊಂದಿದೆ. ಅದನ್ನು ‘ಪ್ಯಾಡ್’ ಎನ್ನುತ್ತಾರೆ. ಅಮೆರಿಕದ ಕಾರಿನಲ್ಲಿ ಸ್ಟೀರಿಂಗ್ ಎಡಕ್ಕಿರುವುದರಿಂದ ಪ್ರಯಾಣಿಕನ ಬದಿ ಎಂದರೆ ಕಾರಿನ ಬಲಬದಿ. ಬಂಪರಿನ ಮುಂದೆ ಎಂಜಿನ್ ನೋಡುತ್ತಾ ನಿಂತರೆ ನಿಮ್ಮ ಎಡಗೈ ಕಡೆಗೆ ಬರುತ್ತದೆ.

ಪ್ಯಾಡ್ ಮೇಲೆ ಎರಡು ಬರಹಗಳಿರುತ್ತವೆ. ಒಂದು ಎಂಜಿನ್ ಕಾರ್ಖಾನೆಯದು, ‘ಎಫ್ 0307 ಆರ್‌ಡಿ’ ಎಂಬಂತೆ. ‘ಎಫ್’ ಎಂದರೆ ಮಿಷಿಗನ್‌ನ ಫ್ಲಿಂಟ್, 0307 ಎಂದರೆ ಮಾರ್ಚ್ 7, ‘ಆರ್‌ಡಿ’ ಎಂದರೆ ಕೈಗೇರಿನ 300 ಅಶ್ವಶಕ್ತಿಯ ಎಂಜಿನ್. ‘ಆರ್‌ಸಿ’ ಇದ್ದರೆ 250, ‘ಆರ್‌ಇ’ ಇದ್ದರೆ 340, ‘ಆರ್‌ಎಫ್’ ಇದ್ದರೆ 360 ಅಶ್ವಶಕ್ತಿಯ ಫ್ಯೂಯೆಲ್ ಇಂಜೆಕ್ಷನ್ ಎಂಜಿನ್. ಅಕ್ಷರಗಳ ಅರ್ಥ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 1967ರ 435 ಅಶ್ವಶಕ್ತಿಯ ಎಂಜಿನ್‌ಗೆ ‘ಜೆಇ’ ಇತ್ತು, ಅದು ನ್ಯೂಯಾರ್ಕ್ ರಾಜ್ಯದ ಟೊನವಾಂಡಾ ಕಾರ್ಖಾನೆಯದಾದ್ದರಿಂದ ಮುಂದೆ ‘ಟಿ’ ಇರಬೇಕು. ಆಯಾ ವರ್ಷದ ಪಟ್ಟಿ ಕೈಯಲ್ಲಿಟ್ಟುಕೊಂಡೇ ಹೋಗಿ.

ಇನ್ನೊಂದು ಬರಹ ಕಾರಿನದು. ಸೇಂಟ್ ಲೂಯಿಸ್‌ನಲ್ಲಿ ಕಾರಿಗೆ ಎಂಜಿನ್ ಕೂರಿಸುವಾಗ ಮಾಡೆಲ್ ವರ್ಷದ ಒಂದು ಅಂಕಿ ಮತ್ತು ಸರಣಿಯ ಆರು ಅಂಕಿ ಸೇರಿಸಿ ಒತ್ತುತ್ತಿದ್ದರು. ನಮ್ಮ ಉದಾಹರಣೆಯ ಕಾರಿಗೆ ಅದು 3111432.

ತಾರೀಖುಗಳ ಸಾಲು ತಪ್ಪಬಾರದು

ಬ್ಲಾಕ್ ಮೊದಲು ಎರಕವಾಗಬೇಕು, ಆಮೇಲೆ ಎಂಜಿನ್ ಜೋಡಣೆಯಾಗಬೇಕು, ಕೊನೆಗೆ ಕಾರು. ಫೆಬ್ರುವರಿ 25, ಮಾರ್ಚ್ 7, ಮಾರ್ಚ್ ನಡುವೆ ಕಾರು ಎಂದರೆ ಸಾಲು ಸರಿಯಿದೆ. ಎರಕದ ತಾರೀಖು ಮಾರ್ಚ್ 20 ಇದ್ದು, ಪ್ಯಾಡ್ ಮೇಲೆ ಮಾರ್ಚ್ 7 ಇದ್ದರೆ ಪ್ಯಾಡ್ ಸುಳ್ಳು ಹೇಳುತ್ತಿದೆ. ಒತ್ತಿದ ನಂಬರು ಅಳಿಸಿ ಬರೆಯುವವರು ಉಬ್ಬಕ್ಷರದ ತಾರೀಖನ್ನು ಅಷ್ಟು ಸುಲಭವಾಗಿ ಮುಟ್ಟಲಾರರು. ಅದೂ ಎಂಜಿನ್ನಿನ ಹಿಂದುಗಡೆ, ಕ್ಯಾಬಿನ್ನಿನ ಗೋಡೆಗೆ ಹತ್ತಿರ ಇರುವುದರಿಂದ ಕೊಳ್ಳುವವರು ನೋಡುವುದಿಲ್ಲ ಎಂಬ ಧೈರ್ಯವೂ ಅವರಿಗಿರುತ್ತದೆ. ಸಣ್ಣ ಕನ್ನಡಿ ಹಿಡಿದು ಅದನ್ನು ಓದಿಯೇ ತೀರಬೇಕು.

ಅಂತರ ಸಾಮಾನ್ಯವಾಗಿ ದಿನಗಳಲ್ಲಿ ಅಥವಾ ವಾರಗಳಲ್ಲಿರುತ್ತದೆ. ಆರು ತಿಂಗಳು ದಾಟಿದರೆ ಪ್ರಶ್ನೆ ಏಳಲೇಬೇಕು. ಎರಡು ಕಡೆ ಎಡವಬೇಡಿ. 1963ರ ಮಾಡೆಲ್ ತಯಾರಾಗಲು ಶುರುವಾದದ್ದು 1962ರಲ್ಲೇ. ಸರಣಿಯ ಆರಂಭದ ಕಾರಿನ ಎರಕದಲ್ಲಿ ವರ್ಷದ ಅಂಕಿ 2 ಇದ್ದರೆ ಅದೇ ಸರಿ. ವಿಐಎನ್ ಹತ್ತಿರವೇ ಇರುವ, ಬಣ್ಣ ಮತ್ತು ಸೀಟಿನ ಸಂಕೇತಗಳ ‘ಟ್ರಿಮ್ ಟ್ಯಾಗ್’ ಮೇಲೆ ಮೈ ತಯಾರಾದ ತಾರೀಖಿದ್ದರೆ, ಅಲ್ಲಿ ‘ಎ’ ಎಂದರೆ ಜನವರಿಯಲ್ಲ. ಆ ಮಾಡೆಲ್ ವರ್ಷದ ಉತ್ಪಾದನೆ ಶುರುವಾದ ತಿಂಗಳಿಂದ ಅಕ್ಷರ ಎಣಿಸುತ್ತಾರೆ.

ನಂಬರಿಗಿಂತ ಮೇಲ್ಮೈ ನೋಡಿ

ಎಲ್ಲ ನಂಬರೂ ಸರಿ, ಸಾಲೂ ಸರಿ. ಆದರೂ ಮುಗಿಯಲಿಲ್ಲ. ಪಾತ್ರೆ ಅಂಗಡಿಯಲ್ಲಿ ಯಾವ ಚೊಂಬಿಗೆ ಯಾರ ಹೆಸರು ಬೇಕಾದರೂ ಹಾಕಿಕೊಡುತ್ತಾರಲ್ಲ, ಹಾಗೆಯೇ ಇದೂ. ಸರಿಯಾದ ಎರಕದ, ಸರಿಯಾದ ತಾರೀಖಿನ ಬ್ಲಾಕೊಂದನ್ನು ಹುಡುಕಿ ತಂದು, ಪ್ಯಾಡ್ ಸವರಿ, ಹೊಸ ನಂಬರು ಒತ್ತಿಸಬಹುದು. ಇದಕ್ಕೆ ‘ರೀಸ್ಟಾಂಪ್’ ಎನ್ನುತ್ತಾರೆ.

ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈಯನ್ನು ‘ಬ್ರೋಚಿಂಗ್’ ಯಂತ್ರದಲ್ಲಿ ಹೆರೆಯುತ್ತಿದ್ದರು. ಸಾಲು ಹಲ್ಲಿನ ಉಳಿ ಬ್ಲಾಕಿನ ಉದ್ದಕ್ಕೆ ಒಮ್ಮೆ ಹಾದುಹೋಗುತ್ತಿತ್ತು. ಅದರ ಗುರುತಾಗಿ ಎಂಜಿನ್ನಿನ ಮುಂದಿನಿಂದ ಹಿಂದಕ್ಕೆ ಸಾಗುವ, ಕೂದಲಿನಷ್ಟು ಸಣ್ಣ, ಒಂದಕ್ಕೊಂದು ಸಮಾನಾಂತರವಾದ ಗೀರುಗಳು ಪ್ಯಾಡ್ ಮೇಲೆ ಉಳಿಯುತ್ತವೆ. ಮೂಲ ಪ್ಯಾಡನ್ನು ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ ಈ ಗೀರುಗಳು ಒಂದು ಅಕ್ಷರದ ಅಂಚಿಗೆ ಬಂದು ತುಂಡಾಗಿ, ಅದರ ಆಚೆ ಅದೇ ನೇರದಲ್ಲಿ ಮುಂದುವರಿಯುವುದು ಕಾಣುತ್ತದೆ. ಮೇಲ್ಮೈ ಮೊದಲು, ಅಕ್ಷರ ಆಮೇಲೆ. ಅಕ್ಷರಗಳ ಬಾಯಿಯಲ್ಲಿ ಒತ್ತಿದಾಗ ಎದ್ದ ಅಂಚು ದಶಕಗಳ ಎಣ್ಣೆ, ಧೂಳು, ಬಿಸಿಗೆ ಮಂಕಾಗಿರುತ್ತದೆ.

ಸವರಿದ ಪ್ಯಾಡ್ ಬೇರೆ ಥರ. ತಿರುಗುವ ಕಟ್ಟರ್ ಹಾದಿದ್ದರೆ ಬಾಗಿದ ಸುತ್ತುಗೀರುಗಳು. ಗ್ರೈಂಡರ್ ಅಥವಾ ಉಪ್ಪುಕಾಗದ ಹಿಡಿದಿದ್ದರೆ ದಿಕ್ಕಿಲ್ಲದ ಗೀರು, ಇಲ್ಲವೇ ಕನ್ನಡಿಯಂಥ ನುಣುಪು. ಹಳೆಯ ಅಂಕಿಯ ನೆರಳು ಎಲ್ಲೋ ಒಂದು ಮೂಲೆಯಲ್ಲಿ ಉಳಿದಿರುವುದೂ ಉಂಟು.

ಎರಡು ಬರಹಗಳ ನಡುವಿನ ವ್ಯತ್ಯಾಸವನ್ನೂ ನೋಡಿ. ಒಂದು ಫ್ಲಿಂಟ್‌ನಲ್ಲಿ ಒತ್ತಿದ್ದು, ಇನ್ನೊಂದು ಸೇಂಟ್ ಲೂಯಿಸ್‌ನಲ್ಲಿ. ಬೇರೆ ಊರು, ಬೇರೆ ಅಚ್ಚು, ಬೇರೆ ಕೈ. ಆಳದಲ್ಲಿ, ಓರೆಯಲ್ಲಿ, ಅಕ್ಷರಗಳ ಅಂತರದಲ್ಲಿ ಸಣ್ಣ ಹೆಚ್ಚುಕಡಿಮೆ ಇದ್ದರೇ ಸಹಜ. ಎರಡೂ ಒಂದೇ ಆಳ, ಒಂದೇ ಅಚ್ಚು, ರೂಲು ಹಿಡಿದು ಬರೆದಂತಿದ್ದರೆ ಒಬ್ಬನೇ ಕೂತು ಎರಡನ್ನೂ ಒತ್ತಿರುವ ಸಾಧ್ಯತೆ ಹೆಚ್ಚು.

ಪ್ಯಾಡ್ ಶುಚಿ ಮಾಡಲು ಮಾಲೀಕರ ಒಪ್ಪಿಗೆ ಕೇಳಿ, ಜಿಡ್ಡು ತೆಗೆಯುವ ದ್ರಾವಣ, ಹಳೆ ಬಟ್ಟೆ, ನೈಲಾನ್ ಬ್ರಷ್ ಬಳಸಿ. ತಂತಿ ಬ್ರಷ್, ಉಪ್ಪುಕಾಗದ ಮುಟ್ಟಲೇಬೇಡಿ. ನೀವು ಹುಡುಕುತ್ತಿರುವ ಗೀರುಗಳೇ ಅಳಿಸಿಹೋಗುತ್ತವೆ. ಒಂದೇ ಪ್ಯಾಡಿನ ಫೋಟೊವನ್ನು ಬೆಳಕಿನ ಕೋನ ಬದಲಿಸುತ್ತಾ ಹಲವು ಸಲ ತೆಗೆಯಿರಿ. ನಮ್ಮಲ್ಲಿ ಸಾಲಕ್ಕೆ, ವಿಮೆಗೆ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯುತ್ತಾರಲ್ಲ, ಆ ವಿದ್ಯೆ ಇಲ್ಲೂ ನಡೆಯುತ್ತದೆ. ತೆಳು ಕಾಗದ ಇಟ್ಟು ಮೆತ್ತಗೆ ಪೆನ್ಸಿಲ್ ಉಜ್ಜಿದರೆ ಅಕ್ಷರಗಳ ಆಕಾರ, ಅಂತರ ಮೂಲ ಅಳತೆಯಲ್ಲೇ ಸಿಗುತ್ತದೆ. ಅದನ್ನು ಖಚಿತವಾಗಿ ಮೂಲದ್ದೆಂದು ಗೊತ್ತಿರುವ, ಅದೇ ತಿಂಗಳ ಇನ್ನೊಂದು ಕಾರಿನದರ ಜೊತೆ ಇಟ್ಟು ನೋಡುವುದೇ ಬಲ್ಲವರು ಮಾಡುವ ಪರೀಕ್ಷೆ.

ಪ್ಯಾಡ್ ಖಾಲಿ ಇದ್ದರೆ

ನಂಬರಿಲ್ಲದ ಪ್ಯಾಡ್ ಕಂಡ ಕೂಡಲೇ ಮೋಸ ಎನ್ನಬೇಡಿ. ಪ್ಯಾಡ್ ಇರುವುದು ಹೆಡ್ ಕೂರುವ ಮೇಲ್ಮೈಯ ಮಟ್ಟದಲ್ಲೇ. ಎಂಜಿನ್ ಬಿಚ್ಚಿ ಬೋರ್ ಮಾಡಿಸಿ ಬ್ಲಾಕ್ ಫೇಸಿಂಗ್ ಮಾಡಿಸುವಾಗ, ಯಂತ್ರದವನು ಎಚ್ಚರ ವಹಿಸದಿದ್ದರೆ ಪ್ಯಾಡೂ ಜೊತೆಗೆ ಹೆರೆದುಹೋಗುತ್ತದೆ. ಹೀಗೆ ಮೂಲ ಎಂಜಿನ್ನೇ ತನ್ನ ನಂಬರು ಕಳೆದುಕೊಂಡದ್ದುಂಟು. ಕೆಲವು ಮಾಲೀಕರು ಹೋದ ನಂಬರನ್ನೇ ಮತ್ತೆ ಒತ್ತಿಸುತ್ತಾರೆ. ಅವರ ಮಟ್ಟಿಗೆ ಅದು ನಿಜ ಇರಬಹುದು, ಕೊಳ್ಳುವವರಿಗೆ ಮಾತ್ರ ಅದೂ ರೀಸ್ಟಾಂಪೇ. ಫೇಸಿಂಗ್‌ಗೆ ಮುಂಚಿನ ಫೋಟೊ, ಕೆಲಸದ ಬಿಲ್ಲು ಕೇಳಿ. ಇಲ್ಲದಿದ್ದರೆ ಖಾಲಿ ಪ್ಯಾಡಿನ ಬೆಲೆಯೇ ಅದರ ಬೆಲೆ.

‘ಸಿಇ’ ಎಂದು ಒತ್ತಿದ ಬ್ಲಾಕ್ ಸಿಕ್ಕರೆ ಅದು ಶೆವರ್ಲೆಯೇ ಬದಲಿಯಾಗಿ ಕೊಟ್ಟದ್ದು. ಮೂಲದ್ದಲ್ಲ, ಆದರೆ ಮುಚ್ಚುಮರೆಯೂ ಇಲ್ಲ.

ಕಾಗದಪತ್ರ ಎಷ್ಟು ಹೇಳುತ್ತದೆ

ಬ್ರಿಟನ್ನಿನ ಜಾಗ್ವಾರ್ ಇ–ಟೈಪ್ ಕೊಳ್ಳುವವರಿಗೆ ಒಂದು ಅನುಕೂಲವಿದೆ. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕೊಡುವ ಪ್ರಮಾಣಪತ್ರದಲ್ಲಿ ಮೂಲ ಎಂಜಿನ್ ಸಂಖ್ಯೆಯೇ ಇರುತ್ತದೆ. ಈ ಕಾರ್ವೆಟ್‌ಗಳಿಗೆ ಅಂಥ ಆಸರೆಯಿಲ್ಲ. 1974ರಲ್ಲಿ ಹುಟ್ಟಿದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿ ಶೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟಾರ್ಸ್‌ನ ದಾಖಲೆ ಆಧರಿಸಿ ಕೊಡುವ ವರದಿಯಲ್ಲಿ ಕಾರು ಯಾವಾಗ ತಯಾರಾಯಿತು, ಯಾವ ಡೀಲರ್‌ಗೆ ಹೋಯಿತು ಎಂಬುದಿರುತ್ತದೆ, ಎಂಜಿನ್ ಯಾವುದೆಂಬುದಿಲ್ಲ. ತಾರೀಖುಗಳ ಸಾಲು ನೋಡಲು ಅಷ್ಟಾದರೂ ಉಪಯೋಗ.

1965ರಿಂದ ವಾರಂಟಿ ಪುಸ್ತಕದ ಜೊತೆ ‘ಪ್ರೊಟೆಕ್ಟ್–ಒ–ಪ್ಲೇಟ್’ ಎಂಬ ಸಣ್ಣ ಲೋಹದ ಫಲಕ ಬರುತ್ತಿತ್ತು. ಅದರಲ್ಲಿ ವಿಐಎನ್ ಜೊತೆಗೆ ಎಂಜಿನ್ನಿನ ಸಂಕೇತವೂ ಒತ್ತಿರುತ್ತದೆ. 1967ರ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸಿದ, ಆ ಕಾರಿಗೆ ಆರ್ಡರ್ ಆಗಿದ್ದ ಸಲಕರಣೆಗಳ ಪಟ್ಟಿ ಸಿಗುವುದುಂಟು. ಎರಡೂ ಒಳ್ಳೆಯ ಸಾಕ್ಷಿ, ಎರಡಕ್ಕೂ ನಕಲಿ ಇದೆ. ಮೊದಲ ಮಾಲೀಕರಿಂದ ಇವತ್ತಿನವರೆಗಿನ ಬಿಲ್ಲು, ಸರ್ವಿಸ್ ಚೀಟಿ, ಹಳೆ ಫೋಟೊಗಳ ಕಂತೆಯನ್ನು ಹಾಗೆ ಕೂತು ಸೃಷ್ಟಿಸುವುದು ಕಷ್ಟ. ಅಂಥದ್ದಿದ್ದರೆ ಹಾಳೆ ಹಾಳೆ ತಿರುವಿ. ಎಂಜಿನ್ ಕೊಂಡ ಬಿಲ್ಲು ಒಳಗೇ ಸಿಕ್ಕಿಬಿಡಬಹುದು.

ಪಕ್ಕದ ಭಾಗಗಳನ್ನೂ ಕೇಳಿ ನೋಡಿ. ಗೇರ್‌ಬಾಕ್ಸ್ ಮೇಲೂ ಕಾರಿನ ಸರಣಿ ಸಂಖ್ಯೆ ಒತ್ತುತ್ತಿದ್ದರು. ಹೆಡ್‌ಗಳಿಗೆ, ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ತಮ್ಮದೇ ಎರಕದ ತಾರೀಖಿರುತ್ತದೆ. ಹೆಚ್ಚು ಅಶ್ವಶಕ್ತಿಯ ಕಾರುಗಳ ಟ್ಯಾಕೊಮೀಟರಿನಲ್ಲಿ ಕೆಂಪು ಗೆರೆ ಮೇಲಿನ ಅಂಕಿಗೆ ಶುರುವಾಗುತ್ತಿತ್ತು. 340 ಅಶ್ವಶಕ್ತಿಯ ಸಂಕೇತ ಪ್ಯಾಡ್ ಮೇಲಿದ್ದು, ಮುಂದಿರುವ ಮೀಟರು 250ರ ಕಾರಿನದ್ದಾದರೆ ಉತ್ತರ ಕೊಡಬೇಕಾದವರು ಮಾರುವವರು.

ಊರಿನಲ್ಲಿ ಹಳೆ ಕಾರು ಹುಡುಕುವವರಿಗೆ

ಕರ್ನಾಟಕದಲ್ಲಿ ಹಳೆ ಕಾರು, ಜೀಪು ಕೊಳ್ಳುವವರಿಗೆ ಆರ್‌ಸಿಯೇ ದೊಡ್ಡ ಆಸರೆ. ಅದರಲ್ಲಿನ ಎಂಜಿನ್ ನಂಬರನ್ನು ಗಾಡಿಯ ಮೇಲಿನದರ ಜೊತೆ ತಾಳೆ ನೋಡಿ. ಪೆಟ್ರೋಲ್ ಗಾಡಿಗೆ ಡೀಸೆಲ್ ಎಂಜಿನ್ ಕೂರಿಸಿ ಓಡಿಸಿದ್ದು ನಮ್ಮಲ್ಲಿ ಬೇಕಾದಷ್ಟಿದೆ. ಬದಲಾದ ಎಂಜಿನ್ ಆರ್‌ಸಿಯಲ್ಲಿ ದಾಖಲಾಗಿರದಿದ್ದರೆ ಹೆಸರು ವರ್ಗಾಯಿಸುವಾಗಲೂ ವಿಮೆ ಕೇಳುವಾಗಲೂ ತೊಂದರೆ ನಿಮ್ಮದೇ. 2021ರ ವಿಂಟೇಜ್ ವಾಹನ ನಿಯಮಗಳ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಪ್ರತ್ಯೇಕ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿಸ್, ಮೈ ಅಥವಾ ಎಂಜಿನ್ ಮಾರ್ಪಾಡಾಗಿದ್ದರೆ ಆ ದಾರಿ ಮುಚ್ಚಬಹುದು. ಆರ್‌ಸಿ ಹೊಂದಿದ ಮಾತ್ರಕ್ಕೆ ಮೇಲ್ಮೈ ನೋಡುವುದನ್ನು ಬಿಡಬೇಕಿಲ್ಲ. ಉಪ್ಪುಕಾಗದ ಇಲ್ಲೂ ಸಿಗುತ್ತದೆ.

ವ್ಯಾಪಾರ ಕುದುರಿಸುವಾಗ

ಮೂಲ ಎಂಜಿನ್ ಇಲ್ಲದ ಕಾರ್ವೆಟ್ ಕೆಟ್ಟ ಕಾರಲ್ಲ. ವಾರಾಂತ್ಯಕ್ಕೆ ಓಡಿಸಲು ಬೇಕೆನ್ನುವವರಿಗೆ, ಗೀರು ಬಿದ್ದರೆ ಎದೆ ಒಡೆದುಕೊಳ್ಳದವರಿಗೆ ಅದೇ ಜಾಣ ಆಯ್ಕೆ. ಅದನ್ನು ಅದರ ಬೆಲೆಗೆ ಕೊಳ್ಳಬೇಕು ಅಷ್ಟೆ. ಮೂಲದ್ದೆಂದು ಹೆಚ್ಚು ಹಣ ಕೇಳುವವರಿದ್ದರೆ, ಪ್ಯಾಡ್ ಓದಬಲ್ಲ ಪರಿಣತರೊಬ್ಬರಿಗೆ ದುಡ್ಡು ಕೊಟ್ಟು ಕರೆದೊಯ್ಯಿರಿ. ಆ ಪರಿಣತರು ಮಾರುವವರು ಸೂಚಿಸಿದವರಾಗಿರಬಾರದು. ಪ್ಯಾಡ್ ಶುಚಿ ಮಾಡಲು, ಫೋಟೊ ತೆಗೆಯಲು ಬಿಡದವರ ಹತ್ತಿರ ಚೌಕಾಸಿ ಬೇಡ.

ಕೊನೆಯದಾಗಿ, ಮಾರಾಟದ ಕರಾರಿನಲ್ಲಿ ‘ನಂಬರ್ಸ್ ಮ್ಯಾಚಿಂಗ್’ ಎಂಬ ಮಾತಿಗೆ ಒಪ್ಪಬೇಡಿ. ‘ಈ ಕಾರಿಗೆ ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನ್ ಬ್ಲಾಕ್ ಇದೇ, ಪ್ಯಾಡ್ ಮೇಲಿನ ಬರಹ ಮೂಲದ್ದು, ಮತ್ತೆ ಒತ್ತಿದ್ದಲ್ಲ’ ಎಂದು ಬರೆಸಿ, ಪ್ಯಾಡಿನ ಫೋಟೊ ಲಗತ್ತಿಸಿ, ಕೆಳಗೆ ಸಹಿ ಕೇಳಿ. ಸಹಿ ಹಾಕಿದರೆ ಮುಂದೊಂದು ದಿನ ತಕರಾರು ಬಂದಾಗ ಕೈಯಲ್ಲೊಂದು ಆಧಾರ ಇರುತ್ತದೆ. ಪೆನ್ನು ಹಿಡಿದು ಹಿಂದೆ ಮುಂದೆ ನೋಡಿದರೆ, ಬೆಲೆಯನ್ನು ಎನ್‌ಒಎಂ ಕಾರಿನ ಮಟ್ಟದಿಂದ ಮತ್ತೆ ಶುರು ಮಾಡಿ.